ನಾನು ‘ಸಣ್ಣ ಸುಧಾರಣೆ’ ಎಂದು ಬರೆದದ್ದು

ಶಾಹಿದಾ ಅವರೇ, ಅಂದು ನೀವು ಸುಳ್ಳು ಹೇಳಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಿಮ್ಮನ್ನು ಸುಳ್ಳುಗಾರ್ತಿ ಎಂದು ನಂಬಿಸುವ ಒಂದೂವರೆ ಪುಟವನ್ನು ನಾನು ಕೂತು ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಬರೆದ ಮೇಲೆ ಎರಡು ಸಲ ಓದಿದೆ, ಒಂದು ಅಲ್ಪವಿರಾಮ ತಿದ್ದಿದೆ, ಕಳಿಸಿದೆ. ಕಳಿಸಿ ಹೊಟ್ಟೆ ತುಂಬ ಊಟವನ್ನೂ ಮಾಡಿದೆ.

ನಾಲ್ಕು ವರ್ಷದ ಮೇಲೆ ಇದನ್ನು ಹೇಳುತ್ತಿದ್ದೇನೆ. ತಡವಾಯಿತು ಎನ್ನಲೂ ನಾಚಿಕೆಯಾಗುತ್ತದೆ — ತಡವಾಗುವುದು ಬಸ್ಸು. ಇದು ನಾನು ಬೇಕೆಂದೇ ಮುಚ್ಚಿಟ್ಟದ್ದು.

ನಾನು ಯಾರೆಂದು ನೀವು ಮರೆತಿಲ್ಲ. ಶ್ರೀನಿವಾಸಪುರದ ನಿಮ್ಮ ಮಾವಿನ ತಿರುಳಿನ ಕಾರ್ಖಾನೆಗೆ, ಫೋನಿನ ಆ್ಯಪ್ ಕಲಿಸಲು ಕೋಲಾರದಿಂದ ಬಂದಿದ್ದ ಗೀತಾ ಮೇಡಂ. ಮೇಡಂ ಎಂದವರು ನೀವೆಲ್ಲ; ನಾನು ಮಾಲೂರಿನ ಕಡೆಯ ರಾಗಿ ಬೆಳೆಯುವವರ ಮಗಳು, ಒಂದು ಸಣ್ಣ ಪತ್ರಿಕೆಯಲ್ಲಿ ಏಳು ವರ್ಷ ಉಪಸಂಪಾದಕಿಯಾಗಿದ್ದವಳು. ಪತ್ರಿಕೆ ಮುಚ್ಚಿದ ಮೇಲೆ ಈ ಕಂಪನಿಗೆ ಸೇರಿದೆ. ಆಗ ಕಂಪನಿಯೆಂದರೆ ಟೇಕಲ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮೂರು ಕೋಣೆ, ಹನ್ನೊಂದು ಜನ. ಒಂದೇ ಕೆಲಸವನ್ನು ಹತ್ತು ಜನ ಕೂಡಿ ಮಾಡುವ ಕಡೆ, ಯಾರು ಯಾವಾಗ ಏನು ಬರೆದರೂ ಅದು ಎಲ್ಲರಿಗೂ ಒಂದೇ ಹಾಳೆಯಲ್ಲಿ ಕಾಣಬೇಕು — ಅಂಥ ಸಾಫ್ಟ್‌ವೇರ್ ನಮ್ಮದು. ಕಲಿಸುವ ಕೆಲಸದ ಜೊತೆಗೆ, ಕಂಪನಿಯ ಜಾಲತಾಣದಲ್ಲಿ ‘ಸುದ್ದಿ ಮತ್ತು ತಾಂತ್ರಿಕ ಟಿಪ್ಪಣಿ’ ಎಂಬ ಪುಟವನ್ನು ಬರೆಯುವುದೂ ನನ್ನ ಪಾಲಿಗೆ ಬಂದಿತ್ತು. ಹೊಸ ಗ್ರಾಹಕರು ಬಂದರೆ ಸುದ್ದಿ. ಆ್ಯಪಿನಲ್ಲಿ ಏನಾದರೂ ಬದಲಾದರೆ ಟಿಪ್ಪಣಿ. ಬೆಳೆಯುತ್ತಿರುವ ಕಂಪನಿಗೆ ಕೆಟ್ಟ ಸುದ್ದಿ ಎನ್ನುವುದೇ ಇರುವುದಿಲ್ಲ. ಇದ್ದರೆ ಅದನ್ನು ಒಳ್ಳೆಯ ಸುದ್ದಿ ಮಾಡಲು ನನ್ನಂಥವಳೊಬ್ಬಳು ಇರುತ್ತಾಳೆ.

ಮೊದಲ ದಿನ ನಾನು ನಿಮ್ಮನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಮುಚ್ಚಳ ಹಾಕಿ ಬಂದ ಡಬ್ಬಗಳ ಸಾಲಿನ ಮುಂದೆ ನಿಂತು, ಬೆರಳುದ್ದದ ಕಬ್ಬಿಣದ ಕಡ್ಡಿಯಿಂದ ಒಂದೊಂದರ ಮುಚ್ಚಳವನ್ನೂ ಬಡಿಯುತ್ತ ಹೋಗುತ್ತಿದ್ದಿರಿ. ಟಣ್, ಟಣ್, ಟಣ್ — ನಡುವೆ ಒಂದು ಮಂಕು ಶಬ್ದ. ನನಗೆ ಅದು ಕೇಳಿಸಲೂ ಇಲ್ಲ. ನೀವು ಅಲ್ಲೇ ನಿಂತಿರಿ. “ಇದರ ಬಾಯಿ ಸರಿಯಾಗಿ ಮುಚ್ಚಿಲ್ಲ ಮೇಡಂ, ಗಾಳಿ ಹೋಗೈತೆ ಒಳಗೆ,” ಎಂದಿರಿ. ಎಲ್ಲಿ ಕಲಿತಿರಿ ಎಂದು ಕೇಳಿದೆ. ನಿಮ್ಮ ಅಬ್ಬಾ ಇದೇ ಊರಿನಲ್ಲಿ ಡಬ್ಬಕ್ಕೆ ಬೆಸುಗೆ ಹಾಕುತ್ತಿದ್ದರಂತೆ, ಚಿಕ್ಕವರಿದ್ದಾಗಿನಿಂದ ಆ ಶಬ್ದ ಕಿವಿಯಲ್ಲಿ ಕೂತಿದೆ ಎಂದಿರಿ. ಹದಿನಾಲ್ಕು ವರ್ಷದಿಂದ ನೀವು ಸರಿಯೆಂದ ಡಬ್ಬ ಮಾತ್ರ ಆ ಗೇಟು ದಾಟಿ ಹೋಗುತ್ತಿತ್ತು.

ಡಬ್ಬ ಸರಿಯಿಲ್ಲದಿದ್ದರೆ ಅದಿದ್ದ ಇಡೀ ಅಟ್ಟಿಗೆ ನೀವು ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದಿರಿ. ಹಳೆಯ ಸೀರೆಯೊಂದನ್ನು ಹರಿದು ಮಾಡಿಟ್ಟುಕೊಂಡ ಪಟ್ಟಿಗಳು. ಬಟ್ಟೆ ಕಟ್ಟಿದ ಅಟ್ಟಿಯನ್ನು ಲಾರಿಗೆ ಏರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆ ಪದ್ಧತಿಯನ್ನು ಬಿಡಿಸಿದವಳು ನಾನು. ಫೋನಿನಲ್ಲಿ ‘ಹೋಲ್ಡ್’ — ತಡೆಹಿಡಿ — ಎಂದು ಒತ್ತಿದರೆ ಸಾಕು, ಗೋಡೌನಿನವರಿಗೂ ಮ್ಯಾನೇಜರಿಗೂ ಒಟ್ಟಿಗೆ ತಿಳಿಯುತ್ತದೆ ಎಂದೆ.

“ಎರಡೂ ಮಾಡ್ತೀನಿ ಬಿಡಿ ಮೇಡಂ, ಬಟ್ಟೇನೂ ಇರ್ಲಿ,” ಎಂದಿರಿ ನೀವು.

“ಬೇಡ ಶಾಹಿದಾ. ಎರಡೆರಡು ಗುರುತು ಇದ್ರೆ ಗೊಂದಲ ಆಗುತ್ತೆ. ಬಟ್ಟೆ ಬಿಟ್ಬಿಡಿ,” ಎಂದೆ.

ನೀವು ಪಟ್ಟಿಗಳನ್ನೆಲ್ಲ ಸುತ್ತಿ ಚೀಲಕ್ಕೆ ಹಾಕಿಕೊಂಡಿರಿ. ನಾನು ಹೇಳಿದ್ದನ್ನು ನಂಬಿದಿರಿ. ಅವತ್ತು ಸಂಜೆಯೇ ನಾನು ಪುಟದಲ್ಲಿ ಅದರ ಬಗ್ಗೆ ಒಂದು ಉತ್ಸಾಹದ ಸುದ್ದಿ ಬರೆದೆ.

ಅದೇ ದಿನ ಇನ್ನೊಂದು ಮಾತೂ ನನ್ನ ಕಿವಿಗೆ ಬಿದ್ದಿತ್ತು. ಮುಚ್ಚಳದ ಯಂತ್ರದ ಉಸ್ತುವಾರಿ ಚಲಪತಿಯವರ ಫೋನಿನಲ್ಲಿ ಆ್ಯಪ್ ಹಾಕಿಕೊಡುವಾಗ ನೋಡಿದೆ — ಗಂಟೆ ಹತ್ತು ನಿಮಿಷ ಮುಂದಿತ್ತು. ಕೇಳಿದ್ದಕ್ಕೆ ನಕ್ಕರು. “ಏಮಿ ಚೇಸೇದಿ ಮೇಡಂ, ಏನ್ ಮಾಡೋದು, ನಮ್ ಕಂಪನಿ ವ್ಯಾನು ಆವನಿ ಹತ್ರ ಒಂದ್ ನಿಮಿಷಾನೂ ನಿಲ್ಲಲ್ಲ. ತಪ್ಪಿದ್ರೆ ಅರ್ಧ ದಿನ ಗೈರು. ಅದಕ್ಕೇ ಮುಳಬಾಗಿಲು ಕಡೆಯಿಂದ ಬರೋರೆಲ್ಲ ಹತ್ ನಿಮಿಷ ಮುಂದೆ ಇಟ್ಕೊಂಡಿದೀವಿ,” ಎಂದರು. ನಾನೂ ನಕ್ಕೆ. ನಮ್ಮ ಮನೆಯ ಗೋಡೆ ಗಡಿಯಾರವೂ ಹಾಗೆಯೇ ಮುಂದಿರುತ್ತಿತ್ತಲ್ಲ — ಅದರಲ್ಲಿ ಯೋಚಿಸುವಂಥದ್ದು ಏನಿದೆ ಎನಿಸಿತು.

ಆಮೇಲೆ ಜೂನ್ ಬಂತು. ಕಾಯಿ ರಾಶಿ ಬೀಳುವ ಕಾಲ. ನಿಮಗೆ ಉಸಿರಾಡಲೂ ಪುರಸೊತ್ತಿಲ್ಲ. ಆ ಸೀಸನ್ನಿನಲ್ಲಿ ಹೋದ ಒಂದು ಲಾರಿ ಮಾಲು ವಾಪಸ್ಸು ಬಂತು. ಡಬ್ಬಗಳು ಉಬ್ಬಿಕೊಂಡಿದ್ದವು. ಪುಣ್ಯಕ್ಕೆ ಯಾರೂ ತಿಂದಿರಲಿಲ್ಲ. ಆದರೆ ಕಾರ್ಖಾನೆಯ ಹೆಸರು ಕೆಟ್ಟಿತು, ಮ್ಯಾನೇಜರು ಕೆಂಡವಾದರು, ಯಾರ ತಲೆಗೆ ಕಟ್ಟುವುದೆಂದು ಹುಡುಕತೊಡಗಿದರು. ಉಬ್ಬಿದ ಡಬ್ಬಗಳಿದ್ದ ಅಟ್ಟಿಗೆ ಹೋಲ್ಡ್ ಹಾಕಿದ್ದೆ ಎಂದು ನೀವು ಹೇಳಿದಿರಿ. ಆ್ಯಪಿನ ಹಾಳೆಯಲ್ಲಿ ಮಾತ್ರ ‘ಓಕೆ’ ಎಂದಿತ್ತು. ಆಗ ನಮ್ಮನ್ನು ಕರೆಸಿದರು.

ಆ ಕೋಣೆ ನಿಮಗೂ ನೆನಪಿರುತ್ತದೆ. ಮ್ಯಾನೇಜರು, ಚಲಪತಿ, ಗೋಡೌನಿನವರು, ನೀವು. ಸಾಫ್ಟ್‌ವೇರ್ ಬರೆದ ನಮ್ಮ ಹರೀಶ ಕಂಪ್ಯೂಟರ್ ಮುಂದೆ ಕೂತಿದ್ದ. ಎಲ್ಲರಿಗೂ ಅರ್ಥವಾಗುವಂತೆ ಓದಿ ಹೇಳುವುದು ನನ್ನ ಕೆಲಸ. ಚಲಪತಿ, “ಡಬ್ಬ ಯಂತ್ರದಿಂದ ಇಳಿದಾಗ ನಾನು ಓಕೆ ಹಾಕಿದ್ದು ನಿಜ ಸಾರ್. ಆಮೇಲೆ ಬಡ್ದು ನೋಡೋದು ಅವ್ರ ಕೆಲ್ಸ,” ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೀವು ಎದ್ದು ನಿಂತು ಹೇಳಿದಿರಿ:

“ನಾನು ಬಡ್ದು ನೋಡ್ದೆ ಸಾರ್. ಶಬ್ದ ಸರಿ ಇರ್ಲಿಲ್ಲ. ಹೋಲ್ಡ್ ಒತ್ತಿದೀನಿ. ನಂಗೆ ಗೊತ್ತು, ಒತ್ತಿದೀನಿ.”

ಆಣೆ ಇಡಲಿಲ್ಲ, ಅಳಲಿಲ್ಲ. ನನ್ನ ಕಡೆ ನೋಡಿದಿರಿ. ನಿಮಗೆ ಆ ಫೋನು ಕಲಿಸಿದವಳು ನಾನೇ ಅಲ್ಲವೇ — ನಾನಾದರೂ ನಿಮ್ಮ ಪರ ಒಂದು ಮಾತು ಆಡುತ್ತೇನೆಂದು ಕಾದಿರಿ. ನಾನು ಪರದೆ ನೋಡಿ ಹೇಳಿದೆ:

“ಹೋಲ್ಡ್ ಅಂತ ಯಾವ ಎಂಟ್ರೀನೂ ಇಲ್ಲ ಶಾಹಿದಾ.”

ಆ ಗಳಿಗೆಯಲ್ಲಿ ನನಗೂ ನಿಜ ಗೊತ್ತಿರಲಿಲ್ಲ. ಇಲ್ಲಿಗೇ ಕಥೆ ನಿಂತಿದ್ದರೆ ನಾನು ಮಾಡಿದ್ದು ಬರೀ ತಪ್ಪು. ಆದರೆ ಇಲ್ಲಿಗೆ ನಿಲ್ಲಲಿಲ್ಲ. ಮ್ಯಾನೇಜರು ಎಲ್ಲವನ್ನೂ ತಾಂತ್ರಿಕ ಟಿಪ್ಪಣಿಯಾಗಿ ಬರೆದು ಕೊಡಿ, ಅದು ಕೈಗೆ ಬಂದ ಮೇಲೆ ಶಾಹಿದಾ ವಿಷಯ ತೀರ್ಮಾನ ಮಾಡುತ್ತೇನೆ ಎಂದರು. ನಿಮ್ಮ ಹದಿನಾಲ್ಕು ವರ್ಷ ನನ್ನ ಒಂದು ಕಾಗದದ ಮೇಲೆ ನಿಂತಿತು.

ಎರಡು ದಿನ ಬಿಟ್ಟು ಹರೀಶ ನನ್ನ ಮೇಜಿನ ಹತ್ತಿರ ಬಂದ. “ಗೀತಕ್ಕ, ಆ ಯಮ್ಮ ಒತ್ತಿದಾರೆ,” ಎಂದ.

ಅವನು ಹೇಳಿದ್ದನ್ನು ನಿಮಗೆ ಬಿಡಿಸಿ ಹೇಳುತ್ತೇನೆ; ಇದನ್ನು ತಿಳಿಯುವ ಹಕ್ಕು ಮೊದಲು ಇದ್ದದ್ದು ನಿಮಗೆ. ನಿಮ್ಮ ಕಾರ್ಖಾನೆಯ ತಗಡಿನ ಸೂರಿನ ಕೆಳಗೆ ಸಿಗ್ನಲ್ ಇರಲಿಲ್ಲ. ಒಳಗೆ ಒತ್ತಿದ್ದೆಲ್ಲ ಫೋನಿನಲ್ಲೇ ಉಳಿದು, ನೀವು ಚಹಾಕ್ಕೆಂದು ಹೊರಗೆ ಬಂದಾಗ ನಮಗೆ ಬಂದು ಸೇರುತ್ತಿತ್ತು. ಒಂದೇ ಅಟ್ಟಿಗೆ ಇಬ್ಬರು ಬೇರೆ ಬೇರೆ ಬರೆದಿದ್ದರೆ, ಯಾರದು ಕೊನೆಯದೋ ಅದನ್ನು ನಮ್ಮ ಸಾಫ್ಟ್‌ವೇರ್ ಉಳಿಸಿಕೊಳ್ಳುತ್ತಿತ್ತು. ಯಾರದು ಕೊನೆಯದು ಎಂದು ತೀರ್ಮಾನಿಸಲು ಅವರವರ ಫೋನಿನ ಗಡಿಯಾರವನ್ನೇ ನಂಬುತ್ತಿತ್ತು. ಚಲಪತಿ ಓಕೆ ಒತ್ತಿದ್ದು ಎರಡು ಗಂಟೆ ನಾಲ್ಕು ನಿಮಿಷಕ್ಕೆ. ಅವರ ಫೋನಿನಲ್ಲಿ ಆಗ ಎರಡು ಹದಿನಾಲ್ಕು. ನೀವು ಹೋಲ್ಡ್ ಒತ್ತಿದ್ದು ಎರಡು ಹತ್ತಕ್ಕೆ. ನಿಜದಲ್ಲಿ ನಿಮ್ಮದೇ ಕೊನೆಯದು. ಸಾಫ್ಟ್‌ವೇರಿಗೆ ಮಾತ್ರ ಅವರದು ಕೊನೆಯದಾಗಿ ಕಂಡಿತು. ನಿಮ್ಮ ಹೋಲ್ಡ್ ಮೇಲೆ ಅವರ ಓಕೆ ಕೂತಿತು. ಹಾಳೆಯಲ್ಲಿ ಗೆದ್ದದ್ದು ಮಾತ್ರ ಕಾಣುತ್ತದೆ. ಸೋತದ್ದು ನಾವು ಮಾತ್ರ ತೆರೆಯಬಹುದಾದ ಒಳಗಿನ ಕಡತದಲ್ಲಿ ಬಿದ್ದಿರುತ್ತದೆ. ಅಲ್ಲಿ ಅದು ಇತ್ತು. ನಿಮ್ಮ ಹೆಸರು, ಅಟ್ಟಿಯ ನಂಬರು, ಹೋಲ್ಡ್. ನಾನು ಕಣ್ಣಾರೆ ನೋಡಿದೆ.

ಚಲಪತಿಯವರ ಫೋನಿನ ಗಂಟೆಯನ್ನು ನೋಡಿ ನಕ್ಕಿದ್ದೆನಲ್ಲ — ಅದು ನೆನಪಾಯಿತು. ಹರೀಶನಿಗೆ ಮುಳಬಾಗಿಲಿನ ವ್ಯಾನು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವತ್ತು ಬಂದು ಅವನಿಗೆ ಒಂದು ಮಾತು ಹೇಳಿದ್ದರೆ...

ಕಂಪನಿ ಕಟ್ಟಿದ ಮಂಜುನಾಥ್ ಅವರ ಹತ್ತಿರ ಇಬ್ಬರೂ ಹೋದೆವು. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ವೇಮಗಲ್‌ನ ಒಂದು ದೊಡ್ಡ ಕಾರ್ಖಾನೆ ಅದೇ ವಾರ ನಮ್ಮ ಜೊತೆ ಒಪ್ಪಂದಕ್ಕೆ ಬರುವುದಿತ್ತು. “ಹರೀಶ, ನೀನು ಸದ್ದಿಲ್ಲದೆ ಸರಿ ಮಾಡು. ಗೀತಾ, ಟಿಪ್ಪಣೀಲಿ ಸುಳ್ಳು ಬೇಡ. ಹೇಳಲೇಬೇಕಾದಷ್ಟು ಹೇಳಿ, ಸಾಕು,” ಎಂದರು. ಅವರು ಅಂದದ್ದು ಅಷ್ಟೇ. ಸುಳ್ಳು ಹೇಳದೆ ಸುಳ್ಳನ್ನು ನಂಬಿಸುವ ವಿದ್ಯೆಯನ್ನು ಅವರು ಕಲಿಸಬೇಕಿರಲಿಲ್ಲ. ಅದು ನನಗೆ ಚೆನ್ನಾಗಿ ಬರುತ್ತಿತ್ತು.

ನಾನು ಬರೆದೆ: ‘ಸದರಿ ಅಟ್ಟಿಯ ಅಂತಿಮ ನಮೂದು ಓಕೆ ಎಂದಿರುತ್ತದೆ. ಹಾಳೆಯಲ್ಲಿ ಹೋಲ್ಡ್ ನಮೂದು ಕಂಡುಬರುವುದಿಲ್ಲ. ವ್ಯವಸ್ಥೆಯು ತನಗೆ ನಿಗದಿಪಡಿಸಿದ ನಿಯಮದಂತೆಯೇ ಕಾರ್ಯನಿರ್ವಹಿಸಿದೆ.’ ಒಂದೊಂದು ವಾಕ್ಯವೂ ನಿಜ, ನೋಡಿ. ‘ಹಾಳೆಯಲ್ಲಿ’ ಎಂಬ ಪದವನ್ನು ಹುಡುಕಿ ಹಾಕಿದಾಗ ನನಗೆ ಒಳಗೊಳಗೆ ಹೆಮ್ಮೆಯಾಗಿತ್ತು — ಈ ಮಾತನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿದೆ. ಹರೀಶ ಓದಿ, ತಲೆ ತಗ್ಗಿಸಿಕೊಂಡು ಹೋದ. ವಾರದೊಳಗೆ ನಿಮ್ಮನ್ನು ತೆಗೆದರು. ಕೆಲಸದಲ್ಲಿ ಉದಾಸೀನ, ಜೊತೆಗೆ ವಿಚಾರಣೆಯಲ್ಲಿ ಸುಳ್ಳು ಹೇಳಿಕೆ ಎಂದು ಪತ್ರದಲ್ಲಿ ಬರೆದಿದ್ದರಂತೆ. ಆ ಎರಡನೆಯ ಮಾತಿಗೆ ಆಧಾರ ನನ್ನ ಟಿಪ್ಪಣಿ.

ಇನ್ನೂ ಮುಗಿದಿಲ್ಲ. ಇದಕ್ಕಿಂತ ನೀಚವಾದದ್ದು ಇದೆ. ಮುಂದಿನ ತಿಂಗಳು ನಾನು ಪುಟದಲ್ಲಿ ಒಂದು ಯಶೋಗಾಥೆ ಬರೆದೆ. ‘ಕೆಂಪು ಬಟ್ಟೆಯಿಂದ ಡಿಜಿಟಲ್ ಸತ್ಯದವರೆಗೆ’ ಎಂದು ತಲೆಬರಹ. ಒಂದು ಹಣ್ಣಿನ ಕಾರ್ಖಾನೆಯಲ್ಲಿ ತಪ್ಪು ಎಲ್ಲಿ ನಡೆಯಿತು ಎಂಬುದನ್ನು ನಮ್ಮ ಹಾಳೆ ಕೆಲವೇ ನಿಮಿಷಗಳಲ್ಲಿ ಹೇಗೆ ತೋರಿಸಿಕೊಟ್ಟಿತು ಎಂದು ಬಣ್ಣಿಸಿದೆ. ನಿಮ್ಮ ಹೆಸರು ಹಾಕಲಿಲ್ಲ — ಅದನ್ನೇ ದೊಡ್ಡ ಉಪಕಾರ ಮಾಡಿದಂತೆ ಅಂದುಕೊಂಡೆ. ‘ಒಬ್ಬ ಪರೀಕ್ಷಕಿ’ ಎಂದು ಬರೆದೆ. ಶ್ರೀನಿವಾಸಪುರದಲ್ಲಿ ಡಬ್ಬ ಬಡಿದು ನೋಡುವ ಪರೀಕ್ಷಕಿಯರು ಎಷ್ಟು ಜನ ಇದ್ದರು? ಆ ಬರಹವನ್ನು ಊರಿನವರೆಲ್ಲ ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಅದನ್ನು ಓದಿಯೇ ನಮ್ಮಲ್ಲಿಗೆ ನಾಲ್ಕೈದು ಕಾರ್ಖಾನೆಗಳು ಬಂದವು. ನನಗೆ ಬಡ್ತಿ ಸಿಕ್ಕಿತು, ಪ್ರತ್ಯೇಕ ಕೋಣೆ ಸಿಕ್ಕಿತು.

ಹರೀಶ ದೋಷವನ್ನು ಸರಿಪಡಿಸಿದ. ಯಾರ ಫೋನು ಎಷ್ಟೇ ಮುಂದಿರಲಿ, ನಮ್ಮ ಕಡೆಯ ಗಡಿಯಾರಕ್ಕೆ ಹೋಲಿಸಿ ತಿದ್ದಿಕೊಳ್ಳುವ ಹಾಗೆ ಮಾಡಿದ. ಬದಲಾವಣೆಯನ್ನು ಪುಟದಲ್ಲಿ ಹಾಕಲೇಬೇಕಿತ್ತು. ಹಾಕಿದೆ. ‘ಕೆಲವು ಫೋನುಗಳಲ್ಲಿ ಸಮಯದ ಹೊಂದಾಣಿಕೆಗೆ ಸಂಬಂಧಿಸಿ ಸಣ್ಣ ಸುಧಾರಣೆ ಮಾಡಲಾಗಿದೆ.’ ಅದರ ಮೇಲಿನ ಸಾಲು ಗುಂಡಿಯೊಂದರ ಬಣ್ಣ ಬದಲಾದದ್ದರ ಬಗ್ಗೆ, ಕೆಳಗಿನದು ಹೊಸ ಭಾಷೆ ಸೇರಿದ್ದರ ಬಗ್ಗೆ. ನಡುವೆ ನಿಮ್ಮ ಬದುಕು. ಅದು ಈಗಲೂ ಅಲ್ಲೇ ಇದೆ, ಯಾರು ಬೇಕಾದರೂ ಓದಬಹುದು.

ಹೋದ ತಿಂಗಳು ನಾನು ನಿಮ್ಮ ಮನೆಗೆ ಬಂದಿದ್ದು ಹೇಗೆಂದರೆ — ಮಾವಿನ ಮಂಡಿಯವರಿಗೆ ಆ್ಯಪ್ ತೋರಿಸಲು ಶ್ರೀನಿವಾಸಪುರಕ್ಕೆ ಬಂದಿದ್ದೆ. ಕಾಲು ತಾನಾಗಿ ನಿಮ್ಮ ಬೀದಿಗೆ ತಿರುಗಿತು. ಹೇಳಿಬಿಡಬೇಕು ಎಂದುಕೊಂಡೇ ಬಂದೆ. ನಿಮ್ಮ ಯಜಮಾನರು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ನೀವು ನನ್ನನ್ನು ಬೈಯುತ್ತೀರಿ, ಬಾಗಿಲು ಹಾಕಿಕೊಳ್ಳುತ್ತೀರಿ ಎಂದುಕೊಂಡಿದ್ದೆ. ನೀವು ಕುರ್ಚಿ ಒರೆಸಿ ಕೂರಿಸಿದಿರಿ. ಚಹಾ ಇಟ್ಟು ಬಂದು ಕೂತವರು ಎದ್ದು ಒಳಗೆ ಹೋದಿರಿ. ಮತ್ತೆ ಬಂದು ಕೂತು, ಮತ್ತೆ ಎದ್ದಿರಿ. ಗ್ಯಾಸ್ ಆರಿಸಿದ್ದೀರಾ ಎಂದು ನೋಡಲು. ಮೂರನೆಯ ಸಲ ಎದ್ದಾಗ ನಿಮ್ಮ ಯಜಮಾನರು ನಕ್ಕರು.

“ಇವಳಿಗೆ ಮರೆವು ಮೇಡಂ. ಬೀಗ ಹಾಕಿದ್ರೂ ಅರ್ಧ ದಾರಿಯಿಂದ ವಾಪಸ್ ಬರ್ತಾಳೆ. ಅಡಿಗೆಗೆ ಉಪ್ಪು ಹಾಕಿದ್ನಾ ಅಂತ ನನ್ನ ಕೇಳ್ತಾಳೆ. ಫ್ಯಾಕ್ಟರೀಲೂ ಹಂಗೇ ಆಗಿದ್ದು, ಪಾಪ.”

ನೀವೂ ನಕ್ಕಿರಿ. ನಾನು ನಗಲಾರದೆ, ಆ ದಿನದ ಬಗ್ಗೆ ಏನೋ ಕೇಳಿದೆ — ಏನು ಕೇಳಿದೆನೋ ನನಗೇ ತಿಳಿಯದು. ನೀವು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಿರಿ: “ಮೊದ್ಲು ಭಾಳ ಗ್ಯಾರಂಟಿ ಇತ್ತು ಮೇಡಂ, ಒತ್ತಿದೀನಿ ಅಂತ. ಆಮೇಲೆ ಯೋಚ್ನೆ ಮಾಡ್ದೆ. ಮಿಷನ್‌ಗೆ ನನ್ ಮೇಲೆ ಏನ್ ದ್ವೇಷ? ನಾನೇ ಒತ್ತಿಲ್ಲ ಅನ್ಸುತ್ತೆ. ಬಟ್ಟೆ ಕಟ್ಟಿದ್ರೆ ಕೈಗಾದ್ರೂ ನೆನಪಿರ್ತಿತ್ತು.”

ಆಗ ನನ್ನ ಬಾಯಲ್ಲಿ ನಿಜ ಇತ್ತು. ಒಂದು ಮಾತು ಸಾಕಿತ್ತು. ನಾನು ಚಹಾ ಕುಡಿದೆ. ಚೆನ್ನಾಗಿದೆ ಎಂದೆ. ಮಂಡಿಯಲ್ಲಿ ಕಾಯುತ್ತಿದ್ದಾರೆ ಎಂದು ಎದ್ದು ಬಂದೆ.

ನಿಮ್ಮ ಕೆಲಸ ಹೋಗುವಂತೆ ಮಾಡಿದೆ, ಹೆಸರು ಕೆಡಿಸಿದೆ ಎಂದು ಮಾತ್ರ ಅಂದುಕೊಂಡಿದ್ದೆ ನಾನು. ನೀವು ಎಲ್ಲೋ ಕೂತು ನನ್ನನ್ನು ಶಪಿಸುತ್ತಿದ್ದೀರಿ ಎಂದುಕೊಂಡಿದ್ದೆ. ಅದರಲ್ಲಿ ಒಂದು ಸಮಾಧಾನವೂ ಇತ್ತು — ನಿಜ ನಿಮಗಾದರೂ ಗೊತ್ತಿದೆ ಎಂದು. ಅದನ್ನೂ ನಾನು ಕಿತ್ತುಕೊಂಡಿದ್ದೆ. ಸಾವಿರ ಡಬ್ಬಗಳ ನಡುವೆ ಒಂದು ಮಂಕು ಶಬ್ದ ಹಿಡಿಯುತ್ತಿದ್ದ ಹೆಣ್ಣುಮಗಳು ಈಗ ತನ್ನ ಮನೆಯ ಬೀಗವನ್ನು ತಾನೇ ನಂಬುವುದಿಲ್ಲ. ಇದು ವಯಸ್ಸಿನ ಮರೆವಲ್ಲ ಶಾಹಿದಾ ಅವರೇ. ಇದನ್ನು ಬರೆದವಳು ನಾನು, ಒಂದೂವರೆ ಪುಟದಲ್ಲಿ.

ಕಾರಣಗಳನ್ನು ಹೇಳಬೇಕೆಂದು ನಾಲಿಗೆ ತುರಿಸುತ್ತದೆ. ಮುಚ್ಚಿದ ಪತ್ರಿಕೆ, ಇನ್ನೊಂದು ಕೆಲಸ ಸಿಗದ ಭಯ, ಮನೆಯ ಪರಿಸ್ಥಿತಿ... ಬೇಡ. ಅವೆಲ್ಲ ನಿಮಗೂ ಇದ್ದವು. ನೀವು ಉಬ್ಬುವ ಡಬ್ಬವನ್ನು ಸರಿಯೆಂದು ಬರೆಯಲಿಲ್ಲ.

ಮಂಜುನಾಥ್ ಅವರಿಗೆ ಮೊನ್ನೆ ಹೇಳಿದೆ. “ನಾಲ್ಕು ವರ್ಷ ಆಯ್ತಲ್ಲ ಗೀತಾ, ಈಗ್ಯಾಕೆ?” ಎಂದರು. ಈಗ ನಾವು ನೂರಕ್ಕೂ ಮೇಲೆ ಜನ ಇದ್ದೇವೆ, ಎಲ್ಲರ ಅನ್ನದ ಪ್ರಶ್ನೆ ಎಂದರು. ಹರೀಶನನ್ನು ಕೇಳಿದೆ. ಅವನು ಒಳಗಿನ ಕಡತದ ಆ ಎರಡು ಸಾಲುಗಳನ್ನು ಮುದ್ರಿಸಿ, ಕೆಳಗೆ ತಾನೇ ಸಹಿ ಹಾಕಿ ಕೊಟ್ಟ. ನಾನು ಹೊಸ ಟಿಪ್ಪಣಿ ಬರೆದಿದ್ದೇನೆ. ‘ಕಂಡುಬರುವುದಿಲ್ಲ’, ‘ಮಾಡಲಾಗಿದೆ’ ಎಂಬ ಮಾತುಗಳು ಅದರಲ್ಲಿಲ್ಲ. ಯಾರು ಒತ್ತಿದರು, ಎಷ್ಟು ಹೊತ್ತಿಗೆ, ಯಾರ ಸಾಫ್ಟ್‌ವೇರ್ ಅದನ್ನು ಮುಚ್ಚಿತು, ಯಾರು ಗೊತ್ತಿದ್ದೂ ಮರೆಮಾಚಿದರು — ಇಷ್ಟೇ ಇದೆ, ಕೊನೆಗೆ ನನ್ನ ಹೆಸರಿದೆ. ಪುಟದ ಪಾಸ್‌ವರ್ಡು ಇನ್ನೂ ನನ್ನ ಹತ್ತಿರವಿದೆ. ಬುಧವಾರ ಬೆಳಿಗ್ಗೆ ಅದನ್ನು ಅಲ್ಲಿ ಹಾಕಿ, ರಾಜೀನಾಮೆ ಕೊಟ್ಟು, ಬಸ್ಸು ಹತ್ತುತ್ತೇನೆ. ಮಧ್ಯಾಹ್ನದೊಳಗೆ ಅವರು ಅದನ್ನು ತೆಗೆದುಹಾಕಬಹುದು. ಅದಕ್ಕೇ ಮೂರು ಪ್ರತಿ ಕಾಗದದಲ್ಲಿ ತರುತ್ತಿದ್ದೇನೆ. ಒಂದು ನಿಮ್ಮ ಕಾರ್ಖಾನೆಯ ಮ್ಯಾನೇಜರಿಗೆ, ಒಂದು ಚಲಪತಿಯವರಿಗೆ. ಅವರೂ ನಾಲ್ಕು ವರ್ಷದಿಂದ ನಿಮ್ಮ ಬಗ್ಗೆ ತಪ್ಪು ತಿಳಿದುಕೊಂಡಿದ್ದಾರೆ.

ಮೂರನೆಯದು ನಿಮ್ಮದು. ಅದನ್ನು ನಿಮ್ಮ ಕೈಗೆ ಕೊಟ್ಟು ಓಡುವುದಿಲ್ಲ, ಕೂತು ಓದುತ್ತೇನೆ. ನಿಮ್ಮ ಯಜಮಾನರೂ ಹೊಲಿಗೆ ನಿಲ್ಲಿಸಿ ಪಕ್ಕದಲ್ಲಿ ಕೂರಲಿ; ನಿಮಗೆ ಮರೆವು ಎಂದು ಅವರು ನಕ್ಕರಲ್ಲ, ಆ ಮಾತನ್ನು ಅವರ ಬಾಯಿಗೆ ಇಟ್ಟವಳು ನಾನು ಎಂದು ಅವರೂ ಕೇಳಿಸಿಕೊಳ್ಳಬೇಕು. ಓದಿ ಮುಗಿದ ಮೇಲೆ ನೀವು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.